ಕೇಳದೆ ಎತ್ತಿದ ಬೋಕಿ

ಡೆಲ್ಫಿನಾಳ ಮನೆಯಲ್ಲಿ ಒಡೆದ ಮಡಕೆಯ ಚೂರಿಗೆ ಒಂದು ಕಾನೂನಿತ್ತು, ಅವಳು ಕೂಲಿಗೆ ಹೋಗುವ ಕಣಿವೆಯಲ್ಲಿ ಇನ್ನೊಂದು. ಎರಡಕ್ಕೂ ಒಂದಕ್ಕೊಂದು ಆಗುತ್ತಿರಲಿಲ್ಲ.

ಮನೆಯ ಕಾನೂನು ಅವಳ ದೊಡ್ಡಮ್ಮ ಕ್ರುಸಿತಾಳದು. ಹೊಸ ಜೇಡಿಮಣ್ಣು ತಾನೊಂದೇ ಬೆಂಕಿಯನ್ನು ತಾಳುವುದಿಲ್ಲ. ಹಿಂದಿನವರ ಮಡಕೆಯ ಬೋಕಿಯನ್ನು ಕುಟ್ಟಿ, ಅರೆದು, ಬಟ್ಟೆಯಲ್ಲಿ ಸೋಸಿ ಅದಕ್ಕೆ ಬೆರೆಸಬೇಕು. ಮಾಂಸಕ್ಕೆ ಮೂಳೆ ಹೇಗೋ ಹಸಿಮಣ್ಣಿಗೆ ಬೋಕಿಯ ಪುಡಿ ಹಾಗೆ. ಈ ಕಡೆಯ ಪ್ವೆಬ್ಲೊ ಮೂಲನಿವಾಸಿಗಳ ಊರುಗಳಲ್ಲಿ ಮಡಕೆ ಮಾಡುವ ಹೆಂಗಸರಿಗೆಲ್ಲ ಇಷ್ಟು ಗೊತ್ತು. ಆದರೆ ಕ್ರುಸಿತಾಳ ಕಾನೂನು ಇಲ್ಲಿಗೆ ಮುಗಿಯುತ್ತಿರಲಿಲ್ಲ. ಬೋಕಿ ಎತ್ತುವ ಮೊದಲು ಒಂದು ಚಿಟಿಕೆ ಮುಸುಕಿನ ಜೋಳದ ಹಿಟ್ಟು ಉದುರಿಸಿ, ಏನು ಮಾಡಲು ಹೊರಟಿದ್ದೇನೆಂದು ಹೇಳಿ, ಎತ್ತಲೇ ಎಂದು ಆ ಹಿಂದಿನವರನ್ನು ಕೇಳಬೇಕು. ಕೇಳಿದ ಮೇಲೆ ನಿಂತು ಕಾಯಬೇಕು. ಬೇಡ ಎಂದು ಮನಸ್ಸಿಗೆ ಬಂದರೆ ಬರಿಗೈಯಲ್ಲಿ ಮನೆಗೆ ನಡೆಯಬೇಕು. ಕ್ರುಸಿತಾ ಹಾಗೆ ಬರಿಗೈಯಲ್ಲಿ ಬಂದ ದಿನಗಳುಂಟು. ಅಂಥ ದಿನ ಅವಳು ಒಲೆಯ ಬೂದಿ ಬಳಿದು, ಅಂಗಳ ಗುಡಿಸಿ, ಸುಮ್ಮನೆ ಮಲಗುತ್ತಿದ್ದಳು.

ಕಣಿವೆಯ ಕಾನೂನು ಸರ್ಕಾರದ್ದು. ಅಲ್ಲಿ ಕೇಳುವ ಮಾತೇ ಇಲ್ಲ. ಉತ್ತರವನ್ನು ಮೊದಲೇ ಬರೆದು ಹಲಗೆಗೆ ಹೊಡೆದಿದ್ದಾರೆ. ಉಗುರಿನಷ್ಟು ಬೋಕಿಯನ್ನೂ ಯಾರೂ ಎತ್ತಕೂಡದು. ಬಂಡೆಯ ಬುಡಕ್ಕೆ ಬೆನ್ನು ಕೊಟ್ಟು ಅಲ್ಲಿ ನಿಂತಿರುವ ಹಲವು ಕೋಣೆಗಳ ದೊಡ್ಡ ಕಲ್ಲುಮನೆಯನ್ನು ಕಟ್ಟಿದವರು ಡೆಲ್ಫಿನಾಳ ಹಿಂದಿನವರೇ. ಮಳೆ ಕೈಕೊಟ್ಟ ಕಾಲದಲ್ಲಿ ಅವರು ಅದನ್ನು ಬಿಟ್ಟು, ನೀರಿದ್ದ ಕಡೆ ನಡೆದು, ಈಗಿನ ಊರು ಕಟ್ಟಿದರು. ಊರಿನವರು ಅದನ್ನು ಹಾಳುಮನೆ ಎನ್ನುವುದಿಲ್ಲ, ಹಳೇ ಮನೆ ಎನ್ನುತ್ತಾರೆ. ಸುತ್ತ ತಂತಿಬೇಲಿ, ಬಾಗಿಲಲ್ಲಿ ಚೀಟಿ ಹರಿದುಕೊಡುವ ಗೂಡಂಗಡಿಯಂಥ ಕಟ್ಟೆ, ನೋಡಲು ಬರುವವರ ಕಾರುಗಳು. ತಮ್ಮ ಅಜ್ಜಿಯ ಮನೆಗೆ ಹೋಗಲು ಊರಿನವರಿಗೂ ಗುರುತಿನ ಚೀಟಿ ಬೇಕು. ಊರಿನಲ್ಲಿ ಇದೊಂದು ಹಳೆಯ ನಗೆಮಾತು.

ಡೆಲ್ಫಿನಾ ಅಲ್ಲಿ ಗೋಡೆ ದುರಸ್ತಿಯ ಗುಂಪಿನಲ್ಲಿದ್ದಳು. ಚಳಿಗಾಲದ ಹಿಮ ಕಲ್ಲುಗಳ ನಡುವಿನ ಮಣ್ಣನ್ನು ತಿನ್ನುತ್ತದೆ, ಬೇಸಗೆಯ ಮಳೆ ಉಳಿದದ್ದನ್ನು ತೊಳೆಯುತ್ತದೆ. ತಿಂದಷ್ಟನ್ನು ಮತ್ತೆ ತುಂಬುವುದು ಅವರ ಕೆಲಸ. ಊರಿನ ಪದ್ಧತಿಯಂತೆ ಕಲ್ಲು ಗಂಡಸರದು, ಮಣ್ಣು ಹೆಂಗಸರದು. ಕಲ್ಲು ಕೂರಿಸುತ್ತಿದ್ದವನು ಅವಳ ಮೈದುನ ವಿಲ್ಬರ್ಟ್. ಗಂಡ ರೇಮಂಡ್ ಗಣಿಯ ಧೂಳಿಗೆ ಎದೆ ಕೊಟ್ಟು ತೀರಿಕೊಂಡ ಮೇಲೆ ಈ ಮೈದುನ ಸಂಬಂಧ ಬಿಡಲಿಲ್ಲ. ಚಳಿ ಬರುವ ಮೊದಲು ಪಿಕಪ್ ತುಂಬ ಸೌದೆ ತಂದು, ಒಡೆದು, ಒಟ್ಟಿ ಹೋಗುತ್ತಿದ್ದ. ಒಟ್ಟುವಾಗ ಅತ್ತಿಗೆಯ ಅಡುಗೆ, ಅತ್ತಿಗೆಯ ನಡಿಗೆ, ಅತ್ತಿಗೆಯ ಹಳೆ ಟ್ರಕ್ಕು ಎಲ್ಲವನ್ನೂ ಹೀಯಾಳಿಸುತ್ತಿದ್ದ. ಅವಳೂ ಬಿಡುತ್ತಿರಲಿಲ್ಲ. ಊರಿನಲ್ಲಿ ಅತ್ತಿಗೆ ಮೈದುನರ ಮಾತು ಹಾಗೇ ಇರಬೇಕು. ಸಭ್ಯವಾಗಿ ಮಾತಾಡಿಕೊಂಡರೆ ಏನೋ ಜಗಳವಾಗಿದೆ ಎಂದು ಜನ ತಿಳಿಯುತ್ತಾರೆ.

ವಿಲ್ಬರ್ಟನಿಗೆ ಒಂದು ಕಳಂಕವಿತ್ತು. ಹರೆಯದಲ್ಲಿ, ಕುಡಿತದ ದಿನಗಳಲ್ಲಿ, ಗುಡ್ಡದ ಓರೆಯಲ್ಲಿ ಅಗೆದು ಹಳೆಯ ಮಡಕೆಗಳನ್ನು ಪಟ್ಟಣದ ವ್ಯಾಪಾರಿಗೆ ಮಾರಿ ಸಿಕ್ಕಿಬಿದ್ದಿದ್ದ. ಜೈಲಿನಲ್ಲಿ ಒಂದು ಚಳಿಗಾಲ ಕಳೆದು ಬಂದ. ಕುಡಿತ ಬಿಟ್ಟ. ಊರಿನ ಹಿರಿಯರ ಮುಂದೆ ತಲೆತಗ್ಗಿಸಿ ನಿಂತು ಹೇಳಿಸಿಕೊಳ್ಳಬೇಕಾದದ್ದನ್ನೆಲ್ಲ ಹೇಳಿಸಿಕೊಂಡ. ದುರಸ್ತಿ ಗುಂಪಿಗೆ ಅವನನ್ನು ತೆಗೆದುಕೊಳ್ಳಲು ಮೇಲ್ವಿಚಾರಕಿ ಕೀಲರ್ ಹಿಂಜರಿದಾಗ ಅವನ ಪರವಾಗಿ ಹೊಣೆ ನಿಂತವಳು ಡೆಲ್ಫಿನಾ. ಅವನು ಹಾದಿ ತಪ್ಪಿದರೆ ತನ್ನನ್ನು ಕೇಳಿ ಎಂದಿದ್ದಳು. ಆ ಮಾತನ್ನು ಅವಳು ಆಮೇಲೆ ಎಷ್ಟು ಸಲ ನೆನೆಸಿಕೊಂಡಳೋ.

ಆ ವರ್ಷ ಡೆಲ್ಫಿನಾಳ ಮಡಕೆಗಳು ಬೆಂಕಿಯಲ್ಲಿ ನಿಲ್ಲುತ್ತಿರಲಿಲ್ಲ. ಬೆರಣಿ ಒಟ್ಟಿ ಸುಟ್ಟಾಗಲೆಲ್ಲ ಒಳಗಿನಿಂದ ಟಪ್ಪೆಂದು ಸದ್ದು. ಬೂದಿ ಕೆದಕಿದರೆ ಹೊಟ್ಟೆ ಸೀಳಿದ ಮಡಕೆ. ಊರ ಹಿಂದಿನ ಗುಡ್ಡದ ಓರೆ, ತಲೆಮಾರುಗಳಿಂದ ಹೆಂಗಸರು ಬೋಕಿ ಆರಿಸುತ್ತಿದ್ದ ಜಾಗ, ರಸ್ತೆ ಅಗಲ ಮಾಡುವಾಗ ಜಲ್ಲಿಯಡಿ ಮುಚ್ಚಿಹೋಗಿತ್ತು. ಉಳಿದಿದ್ದವು ಮೆತ್ತನೆಯ, ಬೆರಳಲ್ಲೇ ಪುಡಿಯಾಗುವ ಚೂರುಗಳು. ಕ್ರುಸಿತಾಳ ಕೈಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿ ಅವಳು ಮಣ್ಣು ಮುಟ್ಟದೆ ಕೆಲವು ಕಾಲವಾಗಿತ್ತು. ಬಾಯಿಗೆ ಮಾತ್ರ ವಾತ ಬಡಿದಿರಲಿಲ್ಲ. ನಿನ್ನ ಮಡಕೆಗಿಂತ ನಿನ್ನ ರೊಟ್ಟಿ ಗಟ್ಟಿ, ರೊಟ್ಟಿಯಲ್ಲೇ ನೀರು ತುಂಬು ಎನ್ನುತ್ತಿದ್ದಳು. ಸುಗ್ಗಿ ಹಬ್ಬಕ್ಕೆ ಮನೆಯ ನೀರಿನ ಗಡಿಗೆ ಹೊಸದಾಗಬೇಕಿತ್ತು. ಹಳೆಯದರ ಕಂಠ ಸೀಳಿತ್ತು. ಹಬ್ಬದ ದಿನ ಬಂದವರಿಗೆಲ್ಲ ಪ್ಲಾಸ್ಟಿಕ್ ಡಬ್ಬಿಯಿಂದ ನೀರು ಬಗ್ಗಿಸುವ ಮನೆ ಕ್ರುಸಿತಾಳದು ಎಂದು ಯಾರೂ ಅನ್ನಕೂಡದು. ಅವಳ ಹಟ ಅದು. ಅವಳ ತಾಯಿಯ ಮನೆಯ ಗಡಿಗೆಗಳಿಗೆ ಹೆಸರಿತ್ತು. ಆ ಹೆಸರು ಈಗ ಡೆಲ್ಫಿನಾಳ ಕೈಯಲ್ಲಿತ್ತು, ಡೆಲ್ಫಿನಾಳ ಕೈಯಲ್ಲಿ ಎಲ್ಲವೂ ಒಡೆಯುತ್ತಿತ್ತು.

ವಸಂತದ ಕೊನೆಯಲ್ಲಿ ಹಳೇ ಮನೆಯ ಹಿಂಬದಿಯ ಗೋಡೆಯೊಂದು ಉಬ್ಬಿತು. ಬಂಡೆಯ ಮೇಲಿಂದ ಇಳಿದ ನೀರು ಒಳಗೆಲ್ಲೋ ನಿಂತಿತ್ತು. ಎಲ್ಲಿ ಎಂದು ನೋಡಲು ಒಳಗೆ ಹೋಗಬೇಕಾಯಿತು.

ಮುಂದಿನ ಕೋಣೆಗಳು ಡೆಲ್ಫಿನಾಳಿಗೆ ತನ್ನ ಅಡುಗೆಮನೆಯಷ್ಟು ಪರಿಚಯ. ಮೊದಲನೆಯದಕ್ಕೆ ಸೂರಿಲ್ಲ, ಬಿಸಿಲು ಬೀಳುತ್ತದೆ. ಅದರ ಹಿಂದಿನದರಲ್ಲಿ ಕವಲುಬಾಲದ ಹಕ್ಕಿಗಳು ಗೂಡು ಕಟ್ಟಿವೆ. ಗುಂಪಿನವರು ಅದನ್ನು ಹಕ್ಕಿಕೋಣೆ ಎನ್ನುತ್ತಾರೆ. ಅಲ್ಲಿಂದ ಮೇಲೆ ಹೆಗಲಿನಷ್ಟು ಅಗಲ, ಕೆಳಗೆ ಕಾಲಿನಷ್ಟು ಕಿರಿದಾದ ಬಾಗಿಲಿನಲ್ಲಿ ಬಾಗಿ ಹೋದರೆ ಬೀಸುವ ಕೋಣೆ. ನೆಲದಲ್ಲಿ ಸವೆದ ಬೀಸುಕಲ್ಲುಗಳು ಸಾಲಾಗಿ ಇನ್ನೂ ಹಾಗೇ ಕೂತಿವೆ, ಹೆಂಗಸರು ಈಗಷ್ಟೆ ಎದ್ದು ನೀರಿಗೆ ಹೋದ ಹಾಗೆ. ಅದರಾಚೆಯದರಲ್ಲಿ ತೊಲೆಗಳಿಗೆ ಮಸಿ ಹಿಡಿದಿದೆ. ಮುಟ್ಟಿದರೆ ಇವತ್ತಿಗೂ ಬೆರಳು ಕಪ್ಪಾಗುತ್ತದೆ. ಒಳಕ್ಕೆ ಹೋದಷ್ಟೂ ತಂಪು, ಒಳಕ್ಕೆ ಹೋದಷ್ಟೂ ಹೊರಗಿನ ಮಾತು ಸಣ್ಣದು. ಕೊನೆಯ ಗೋಡೆಯಲ್ಲಿ ಒಂದು ಬಾಗಿಲಿತ್ತು. ಹಿಂದಿನವರೇ ಅದನ್ನು ಕಲ್ಲಿಟ್ಟು, ಮಣ್ಣು ಮೆತ್ತಿ ಮುಚ್ಚಿದ್ದರು. ಊರಿನ ಹಿರಿಯರನ್ನು ಕೇಳಿ, ಅವರು ಒಪ್ಪಿದ ಮೇಲೆ, ವಿಲ್ಬರ್ಟ್ ಮೇಲಿನ ಕಲ್ಲುಗಳನ್ನು ಒಂದೊಂದಾಗಿ ಬಿಡಿಸಿದ. ಕೀಲರ್ ದೀಪ ಹಿಡಿದು ಮೊದಲು ಇಣುಕಿದಳು. ಆಮೇಲೆ ಡೆಲ್ಫಿನಾಳಿಗೆ ಜಾಗ ಬಿಟ್ಟಳು.

ಸಣ್ಣ ಕೋಣೆ. ಗೋಡೆಗೆ ಸಾರಿಸಿದ ಮಣ್ಣು ಮೊನ್ನೆ ಸಾರಿಸಿದ ಹಾಗಿತ್ತು. ಸಾರಿಸಿದ ಹೆಂಗಸಿನ ಅಂಗೈಯ ಗೆರೆಗಳು ಅದರಲ್ಲಿ ಒಂದರ ಪಕ್ಕ ಒಂದು ಬಿದ್ದಿದ್ದವು. ಅವಳು ಎಡಗೈಯವಳೆಂದು ಡೆಲ್ಫಿನಾಳಿಗೆ ತಕ್ಷಣ ತಿಳಿಯಿತು. ಬೀಸು ಬಲದಿಂದ ಎಡಕ್ಕೆ ಏರಿತ್ತು. ಮೂಲೆಯಲ್ಲಿ ಮೊಣಕಾಲೆತ್ತರದಲ್ಲಿ ಮಗುವಿನ ಬೆರಳುಗಳು. ಅಮ್ಮ ಬೇಡವೆಂದರೂ ಕೇಳದೆ ಹಸಿ ಗೋಡೆಗೆ ಕೈಯೊತ್ತಿದ ಯಾವುದೋ ಪೋರಿ. ನೆಲದ ಮೇಲೆ ಒಂದು ಗಡಿಗೆ, ಬಿದ್ದು ಒಡೆದದ್ದು ಒಡೆದ ಹಾಗೇ. ಬಿಳಿ ಮೈ, ಕಪ್ಪು ಸಣ್ಣ ಗೆರೆಗಳು, ಚೂರುಗಳೆಲ್ಲ ಬಿದ್ದಲ್ಲೇ ವೃತ್ತವಾಗಿ.

ಹಿರಿಯರು ಬಂದು ನೋಡಿದರು. ಗಡಿಗೆಯನ್ನು ಎತ್ತುವುದು ಬೇಡ, ಫೋಟೊ ಬೇಡ, ಪೆಟ್ಟಿಗೆಯಲ್ಲಿಟ್ಟು ಒಯ್ಯುವುದು ಬೇಡ, ಗೋಡೆಯ ಕೆಲಸ ಮುಗಿದ ಮೇಲೆ ಬಾಗಿಲನ್ನು ಮೊದಲಿದ್ದ ಹಾಗೆ ಮುಚ್ಚಿ ಎಂದರು. ಕೀಲರ್ ಒಪ್ಪಿದಳು. ಅವಳ ಮೇಲಿನವರು ಬೇರೆ ಹೇಳಿದ್ದರೂ ಅವಳು ಊರಿನ ಮಾತು ಉಳಿಸಿದಳು. ಹಾಗಾಗಿ ಆಮೇಲೆ ನಡೆದದ್ದಕ್ಕೆ ಅವಳನ್ನು ಬೈಯಲೂ ಡೆಲ್ಫಿನಾಳಿಗೆ ದಾರಿಯಿರಲಿಲ್ಲ.

ಗೋಡೆಯ ಬುಡಕ್ಕೆ ಮಣ್ಣು ತುಂಬುವ ಕೆಲಸ ಡೆಲ್ಫಿನಾಳದು. ಒಂದು ಮಧ್ಯಾಹ್ನ ಅವಳೊಬ್ಬಳೇ ಆ ಕೋಣೆಯಲ್ಲಿದ್ದಳು. ವಿಲ್ಬರ್ಟ್ ಹೊರಗೆ ಮಣ್ಣು ಕಲಸುತ್ತಿದ್ದ. ಅವಳು ಕರಣೆ ಕೆಳಗಿಟ್ಟು ಗಡಿಗೆಯ ಕಂಠದ ಒಂದು ಚೂರನ್ನು ನೋಡಿದಳು. ಅಂಗೈಯಗಲದ್ದು. ಉಗುರಿನಿಂದ ತಟ್ಟಿದಳು. ಗಂಟೆಯ ಹಾಗೆ ನುಡಿಯಿತು. ಅಂಥ ಬೋಕಿಯನ್ನು ಅವಳು ಹಿಂದೆ ಮುಟ್ಟಿರಲಿಲ್ಲ. ಇದನ್ನು ಅರೆದು ಬೆರೆಸಿದರೆ ಗಡಿಗೆ ಒಡೆಯುವುದಿಲ್ಲ. ಲೆಕ್ಕ ಅಷ್ಟು ಸರಳವಾಗಿತ್ತು.

ಹಿಟ್ಟಿನ ಸಣ್ಣ ಚೀಲ ಅವಳ ಅಂಗಿಯ ಜೇಬಿನಲ್ಲೇ ಇತ್ತು. ದಿನವೂ ಇರುತ್ತದೆ; ಬೆಳಿಗ್ಗೆ ಬೇಲಿ ದಾಟುವಾಗ ಉದುರಿಸುವುದಕ್ಕೆ. ಅದನ್ನು ತೆಗೆಯಲು ಕೈ ಹೋಯಿತು, ಮತ್ತೆ ನಿಂತಿತು. ಕೇಳಿದರೆ ಕಾಯಬೇಕಾಗುತ್ತದೆ. ಕಾದರೆ ಉತ್ತರ ಬರುತ್ತದೆ. ಉತ್ತರ ಏನೆಂದು ಅವಳಿಗೆ ಆಗಲೇ ಗೊತ್ತಿತ್ತು; ಬಾಗಿಲು ಮುಚ್ಚಿ ಹೋದವರು ಬೇಡ ಎನ್ನದೆ ಇನ್ನೇನು ಹೇಳಿಯಾರು? ಆದ್ದರಿಂದ ಅವಳು ಕೇಳಲಿಲ್ಲ. ಹೊರಗಿನಿಂದ ವಿಲ್ಬರ್ಟ್ ಕೂಗಿದ.

"ಅತ್ತಿಗೆ, ಅಲ್ಲೇನು ಅಜ್ಜಿಯರ ಜೊತೆ ಹರಟೆ ಹೊಡೀತಾ ಕೂತಿದ್ದೀಯಾ? ಮಣ್ಣು ಒಣಗ್ತಾ ಇದೆ."

"ನಿನ್ನ ವಿಷ್ಯಾನೇ ಹೇಳ್ತಿದ್ದಾರೆ, ಸೋಮಾರಿ ಅಂತ," ಎಂದು ಅವಳು ಉತ್ತರ ಕೊಟ್ಟಳು. ಹಾಗೆನ್ನುವಷ್ಟರಲ್ಲಿ ಬೋಕಿ ಊಟದ ಡಬ್ಬಿಯೊಳಗೆ ಇಳಿದಿತ್ತು.

ಮನೆಯಲ್ಲಿ ಅದನ್ನು ಒಡೆಯುವಾಗ ಅವಳು ಕಣ್ಣು ತಿರುಗಿಸಲಿಲ್ಲ. ಅವಳು ಅಂಥ ಹೆಂಗಸಲ್ಲ. ಸುತ್ತಿಗೆಯ ಮೊದಲ ಪೆಟ್ಟಿಗೆ ಕಪ್ಪು ಗೆರೆ ಎರಡಾಯಿತು. ಕಲ್ಲಿನ ಮೇಲೆ ಅರೆಯುತ್ತ ಅರೆಯುತ್ತ ಅದು ಬೂದು ಬಣ್ಣದ ಪುಡಿಯಾಯಿತು. ಉಳಿದ ಬೋಕಿಗಳ ಪುಡಿಗೂ ಅದಕ್ಕೂ ಭೇದ ಕಾಣದಾಯಿತು. ನಾಲಗೆಯ ಮೇಲೆ ಚಿಟಿಕೆ ಇಟ್ಟು ಹಲ್ಲಿನಲ್ಲಿ ಪರೀಕ್ಷಿಸಿದಳು. ಮಣ್ಣಿಗೆ ಬೆರೆಸಿದಳು. ಸುರುಳಿ ಹೊಸೆದು, ಒಂದರ ಮೇಲೊಂದು ಕೂರಿಸಿ, ಸೋರೆ ಚಿಪ್ಪಿನಿಂದ ಕೆರೆದು, ನುಣುಪುಕಲ್ಲಿನಿಂದ ತೀಡಿ, ನಾರಿನ ಕುಂಚದಿಂದ ಗೆರೆಯೆಳೆದಳು. ಮಳೆಯ ಗೆರೆಗಳಲ್ಲಿ ಒಂದೂ ಸೊಟ್ಟಗಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅವಳಿಗೆ ಅನ್ನಿಸಿದ್ದುಂಟು.

ಬೆಂಕಿಯಲ್ಲಿ ಟಪ್ಪೆಂಬ ಸದ್ದು ಬರಲಿಲ್ಲ. ಬೂದಿಯಿಂದ ಎದ್ದ ಗಡಿಗೆಯನ್ನು ಕ್ರುಸಿತಾ ಸೊಟ್ಟ ಬೆರಳಿನಿಂದ ತಟ್ಟಿ ನೋಡಿ, ಕಿವಿಯ ಹತ್ತಿರ ಹಿಡಿದು, ಮತ್ತೊಮ್ಮೆ ತಟ್ಟಿದಳು. ಹೊಗಳುವುದು ಅವಳ ಜಾಯಮಾನವಲ್ಲ. ತನ್ನ ತಾಯಿಯ ಗಡಿಗೆ ಹೀಗೆ ನುಡಿಯುತ್ತಿತ್ತು ಎಂದಳು. ಆಮೇಲೆ, ಗಡಿಗೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಬೋಕಿ ಎಲ್ಲಿ ಸಿಕ್ತು?"

"ಓರೇಲಿ. ಜಲ್ಲಿ ಆಚೆ ಕಡೆ."

"ಕೇಳಿದ್ಯಾ?"

"ಕೇಳ್ದೆ, ದೊಡ್ಡಮ್ಮ."

"ಸರಿ ಹಾಗಾದ್ರೆ," ಎಂದಳು ಕ್ರುಸಿತಾ, ಗಡಿಗೆಯನ್ನು ಮಡಿಲಿನಲ್ಲಿ ಇಟ್ಟುಕೊಂಡು. ಅವತ್ತಿನಿಂದ ಅದು ಅವಳ ಅಡುಗೆಮನೆಯ ಬಾಗಿಲ ಪಕ್ಕ, ಹಳೆಯದು ಇದ್ದ ಜಾಗದಲ್ಲಿ ಕೂತಿತು.

ಕೋಣೆಯ ಬಾಗಿಲು ಮುಚ್ಚುವ ಕಾಲ ಬಂದಾಗ ಕೀಲರ್ ಕೊನೆಯ ಸಲ ನೋಡಲು ಒಳಗೆ ಹೋದಳು. ಹೊರಗೆ ಬಂದಾಗ ಮುಖ ಬಿಳಿಚಿತ್ತು. ಗಡಿಗೆಯ ಕಂಠದಲ್ಲಿ ಒಂದು ಚೂರಿಲ್ಲ. ಧೂಳಿನಲ್ಲಿ ಅದರ ಆಕಾರ ಮಾತ್ರ ಉಳಿದಿದೆ. ಊರಿನ ಹಿರಿಯರಿಗೆ ಏನು ಹೇಳಲಿ ಎಂದು ಅವಳು ಗುಂಪನ್ನೆಲ್ಲ ನಿಲ್ಲಿಸಿ ಕೇಳಿದಳು. ಯಾರೂ ವಿಲ್ಬರ್ಟನನ್ನು ನೋಡದೆ ಇರಲಿಲ್ಲ. ಒಬ್ಬೊಬ್ಬರೂ ಒಂದು ಗಳಿಗೆ ನೋಡಿ ಬೇರೆ ಕಡೆ ತಿರುಗಿದರು. ಡೆಲ್ಫಿನಾಳೂ ನೋಡಿದಳು. ಎಲ್ಲರೂ ನೋಡುವಾಗ ತಾನೊಬ್ಬಳು ನೋಡದಿದ್ದರೆ ಗುಟ್ಟು ಬಯಲಾದೀತೆಂದು ನೋಡಿದಳು. ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ಅವನ ನೋಟದಲ್ಲಿ ಸಿಟ್ಟಿರಲಿಲ್ಲ; ನೀನೂ ಹಾಗೇ ತಿಳಿದೆಯಾ ಎಂಬ ಪ್ರಶ್ನೆಯಿತ್ತು.

ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರು ಎಂದು ಅವನಿಗೆ ಹೇಳಿದರು. ಯಾರೂ ಕಳ್ಳ ಎನ್ನಲಿಲ್ಲ, ಎಲ್ಲವೂ ಮೃದುವಾಗಿಯೇ ನಡೆಯಿತು. ಕಚೇರಿಯವರು ಅವನ ಮನೆಗೆ ಹೋಗಿ ಶೆಡ್ಡು ನೋಡಿದರು, ಪಿಕಪ್ಪಿನ ಸೀಟಿನ ಹಿಂದೆ ನೋಡಿದರು. ಪಟ್ಟಣದ ಆ ಹಳೆಯ ವ್ಯಾಪಾರಿಯನ್ನೂ ಕೇಳಿಬಂದರಂತೆ. ಊರಿನ ಅಂಗಡಿಯಲ್ಲಿ ಅವನು ಬಂದಾಗ ಮಾತು ನಿಲ್ಲತೊಡಗಿತು.

ನಾಳೆ ಹೇಳುತ್ತೇನೆ ಎಂದು ಡೆಲ್ಫಿನಾ ಪ್ರತಿದಿನ ಅಂದುಕೊಂಡಳು. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇತ್ತು, ಆದರೆ ಅವಳನ್ನು ಕಟ್ಟಿಹಾಕಿದ್ದು ಅದಲ್ಲ. ಕದ್ದ ವಸ್ತು ಇದ್ದರೆ ತಂದು ಮುಂದಿಟ್ಟು, ತಗೋ ಎನ್ನಬಹುದು. ಅವಳ ಹತ್ತಿರ ವಸ್ತುವೇ ಇರಲಿಲ್ಲ. ಅದು ಗಡಿಗೆಯ ಮೈಯೊಳಗೆ ಎಲ್ಲ ಕಡೆಯೂ ಇತ್ತು, ಎಲ್ಲಿಯೂ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಹೇಳಿದರೆ ಆ ಗಡಿಗೆಯನ್ನು ಕಿವಿಗೆ ಹಿಡಿದು ತನ್ನ ತಾಯಿಯನ್ನು ಕೇಳಿಸಿಕೊಂಡ ಮುದುಕಿಗೆ ಹೇಳಬೇಕಿತ್ತು. ಕದ್ದದ್ದನ್ನಾದರೂ ಹೇಳಬಹುದು, ಕೇಳಿದೆನೆಂದು ಸುಳ್ಳಾಡಿದ್ದನ್ನು ಹೇಗೆ ಹೇಳುವುದು? ಮನುಷ್ಯರು ಸಾಮಾನ್ಯವಾಗಿ ದೊಡ್ಡ ತಪ್ಪನ್ನು ಮುಚ್ಚಲು ಸಣ್ಣ ಸುಳ್ಳು ಹೇಳುತ್ತಾರೆ. ಡೆಲ್ಫಿನಾಳದು ತಿರುಗಾಮುರುಗಾ ಆಗಿತ್ತು. ಸಣ್ಣ ಸುಳ್ಳೊಂದನ್ನು ಉಳಿಸಿಕೊಳ್ಳಲು ಅವಳು ಒಬ್ಬ ಮನುಷ್ಯನನ್ನು ಬಲಿ ಕೊಡುತ್ತಿದ್ದಳು.

ಈ ನಡುವೆ ವಿಲ್ಬರ್ಟ್ ಒಂದು ದಿನ ಸೌದೆ ತಂದು ಹಾಕಿದ. ಇನ್ನೂ ಬೇಸಗೆ ಕಳೆದಿರಲಿಲ್ಲ. ಕೆಲಸವಿಲ್ಲ, ಕೈ ಸುಮ್ಮನಿರಲಾರದು ಎಂದ. ಒಟ್ಟಿದ. ಅವಳ ಅಡುಗೆಯನ್ನಾಗಲಿ ನಡಿಗೆಯನ್ನಾಗಲಿ ಹೀಯಾಳಿಸಲಿಲ್ಲ. "ಬರ್ತೀನಿ," ಎಂದಷ್ಟೇ ಹೇಳಿ, ಅಪರಿಚಿತನ ಹಾಗೆ ಟೋಪಿ ಮುಟ್ಟಿ ಹೋದ. ಆ ಸೌದೆಯನ್ನು ಅವಳು ಮುಟ್ಟಲಾರದೆ ಅಂಗಡಿಯ ಗ್ಯಾಸ್ ಸಿಲಿಂಡರಿನಲ್ಲೇ ಅಡುಗೆ ಮಾಡಿದಳು.

ಸುಗ್ಗಿ ಹಬ್ಬ ಬಂತು. ಹಬ್ಬದ ದಿನ ಊರಿನ ಯಾವ ಮನೆಗಾದರೂ ಯಾರಾದರೂ ಹೋಗಬಹುದು. ಮೇಜಿನ ಸುತ್ತ ಒಂದು ಪಂಕ್ತಿ ಎದ್ದರೆ ಇನ್ನೊಂದು ಕೂರುತ್ತದೆ. ಬಂದವರನ್ನು ಉಣ್ಣಿಸದೆ ಕಳಿಸುವ ಹಾಗಿಲ್ಲ, ಬಡಿಸಿದ್ದನ್ನು ಬಿಟ್ಟೇಳುವ ಹಾಗಿಲ್ಲ. ಕ್ರುಸಿತಾಳ ಮನೆಯಲ್ಲಿ ಬೆಳಗಿನಿಂದ ಕೆಂಪು ಮೆಣಸಿನಕಾಯಿಯ ಮಾಂಸದ ಸಾರು, ಬೇಯಿಸಿದ ಜೋಳದ ಕಾಳು, ಅಂಗಳದ ಗೂಡೊಲೆಯಿಂದ ಬಂದ ರೊಟ್ಟಿ. ಬಾಗಿಲ ಪಕ್ಕ ಹೊಸ ಗಡಿಗೆ, ಅದರ ಮೇಲೆ ಸೋರೆ ಬುರುಡೆಯ ಸೌಟು. ಬಂದ ಹೆಂಗಸರೆಲ್ಲ ಗಡಿಗೆಯನ್ನು ತಟ್ಟಿ ನೋಡಿದರು. ಹಳೆಯ ಕೈ ಮತ್ತೆ ಬಂತು ಎಂದರು. ಡೆಲ್ಫಿನಾ ಬಡಿಸುತ್ತ ತಿರುಗಾಡುತ್ತಿದ್ದಳು. ಒಂದೊಂದು ಹೊಗಳಿಕೆಗೂ ತಲೆಯಾಡಿಸುತ್ತಿದ್ದಳು.

ಮಧ್ಯಾಹ್ನ ಚೌಕದಲ್ಲಿ ಕುಣಿತದ ಒಂದು ಸುತ್ತು ಮುಗಿದು ಜನ ಕರಗಿದ್ದಾಗ ವಿಲ್ಬರ್ಟ್ ಬಂದ. ಮೇಜಿನಲ್ಲಿ ಬೇರೆ ಯಾರೂ ಇರಲಿಲ್ಲ. ಬಹುಶಃ ಅದನ್ನು ನೋಡಿಕೊಂಡೇ ಬಂದಿದ್ದ. ಕ್ರುಸಿತಾ ಅವನನ್ನು ಕೂರಿಸಿ, ತಾನೇ ಸಾರು ಬಡಿಸಿದಳು. ಅವನು ಉಣ್ಣುವ ಮೊದಲು ಎದ್ದು ಗಡಿಗೆಯಿಂದ ಒಂದು ಸೌಟು ನೀರು ಕುಡಿದ. ಚೆನ್ನಾಗಿದೆ, ತಂಪಾಗಿದೆ ಎಂದ. ಕೆಲಸದ ವಿಷಯ ಏನಾಯಿತೆಂದು ಕ್ರುಸಿತಾ ಕೇಳಿದಳು. ಅವನು ರೊಟ್ಟಿ ಮುರಿಯುತ್ತ ನಕ್ಕ.

"ಏನೂ ಆಗಿಲ್ಲ. ಕೇಳಿದ್ದನ್ನೇ ಕೇಳ್ತಾರೆ. ಎಷ್ಟು ಸಲ ಕೇಳಿದ್ದಾರೆ ಅಂದ್ರೆ, ಈಗೀಗ ನಂಗೇ ಅನುಮಾನ ಬರುತ್ತೆ. ನಿನ್ನೆ ಎದ್ದು ನನ್ನ ಹಳೇ ಕೋಟಿನ ಜೇಬೆಲ್ಲ ನಾನೇ ಹುಡುಕ್ದೆ."

ಡೆಲ್ಫಿನಾಳ ಕೈಯಲ್ಲಿ ರೊಟ್ಟಿಯ ಬುಟ್ಟಿಯಿತ್ತು. ಅದನ್ನು ಮೇಜಿನ ಮೇಲಿಟ್ಟಳು.

"ಅದು ಈ ಗಡಿಗೇಲಿದೆ," ಎಂದಳು. "ನಾನು ತಗೊಂಡೆ. ಅರೆದೆ. ಕೇಳ್ಲಿಲ್ಲ. ಕೇಳ್ದೆ ಅಂತ ದೊಡ್ಡಮ್ಮಂಗೆ ಸುಳ್ಳು ಹೇಳ್ದೆ."

ಹೊರಗೆ ಡೋಲಿನ ಸದ್ದು ಮತ್ತೆ ಶುರುವಾಗಿತ್ತು. ಕ್ರುಸಿತಾ ತನ್ನ ಕುರ್ಚಿಯಲ್ಲಿ ಕೂತಳು, ಬಿದ್ದ ಹಾಗಲ್ಲ, ನಿಧಾನವಾಗಿ, ಮೊಣಕಾಲು ಹಿಡಿದುಕೊಂಡು. ವಿಲ್ಬರ್ಟ್ ಗಡಿಗೆಯನ್ನು ನೋಡಿದ, ತಾನು ನೀರು ಕುಡಿದ ಸೌಟನ್ನು ನೋಡಿದ. ಆಮೇಲೆ ತಟ್ಟೆಗೆ ತಲೆ ಬಾಗಿಸಿ ತಿನ್ನತೊಡಗಿದ. ಹಬ್ಬದ ಊಟ ಬಿಟ್ಟೇಳುವ ಹಾಗಿಲ್ಲ. ಕೊನೆಯ ಕಾಳಿನವರೆಗೂ ತಿಂದ. ಆ ಇಡೀ ಹೊತ್ತು ಡೆಲ್ಫಿನಾ ನಿಂತೇ ಇದ್ದಳು. ಅವನು ಬೈದಿದ್ದರೆ, ತಟ್ಟೆ ಎಸೆದಿದ್ದರೆ ಅವಳಿಗೆ ಅನುಕೂಲವಾಗುತ್ತಿತ್ತು. ಅವನು ಬಾಯಿ ಒರೆಸಿಕೊಂಡು, ಕ್ರುಸಿತಾಳಿಗೆ ಊಟಕ್ಕೆ ಪದ್ಧತಿಯಂತೆ ಒಳ್ಳೆಯ ಮಾತು ಹೇಳಿ, ಎದ್ದ.

"ಆಫೀಸಿಗೆ ನೀನೇ ಹೋಗಿ ಹೇಳು, ಅತ್ತಿಗೆ," ಎಂದ. "ನಾನು ಹೇಳಿದ್ರೆ ನಂಬಲ್ಲ."

ಅವನು ಹೋದ ಮೇಲೆ ಡೆಲ್ಫಿನಾ ಗಡಿಗೆಯ ಬಾಯಂಚಿಗೆ ಕೈ ಹಾಕಿದಳು. ಅಂಗಳಕ್ಕೆ ಒಯ್ದು ಒಡೆದು, ಚೂರುಗಳನ್ನು ಓರೆಗೆ ಹಾಕುತ್ತೇನೆ ಎಂದಳು. ಮಣ್ಣಿನದು ಮಣ್ಣಿಗೆ ಹೋಗಲಿ. ಆಗ ಕ್ರುಸಿತಾ ಬಾಯಿ ಬಿಟ್ಟಳು.

"ಕೆಳಗಿಡು. ಒಡೆದ್ರೆ ನಿಂಗೆ ಹಗುರಾಗುತ್ತೆ, ಹಿಂದಿನವರಿಗೇನು ಬಂತು? ಒಂದ್ಸಲ ಒಡೆದಿದ್ದನ್ನ ನೀನು ಅರೆದೆ. ಈಗ ಇನ್ನೊಂದ್ಸಲ ಒಡೀತೀಯಾ?"

"ಮತ್ತೇನು ಮಾಡ್ಲಿ, ದೊಡ್ಡಮ್ಮ?"

"ನೀರು ತುಂಬು. ಆಮೇಲೆ ನಿನ್ನ ಮನೆಗೆ ತಗೊಂಡು ಹೋಗು. ನನ್ನ ಮನೇಲಿ ಬೇಡ. ದಿನಾ ತುಂಬು, ದಿನಾ ಕುಡಿ. ತುಂಬುವಾಗೆಲ್ಲ ಕೇಳು. ಅವತ್ತು ಕೇಳ್ಲಿಲ್ವಲ್ಲ, ಅದನ್ನ."

"ಬೇಡ ಅಂದ್ರೆ?"

"ಬೇಡ ಅಂತಾನೇ ಅಂತಾರೆ," ಎಂದಳು ಮುದುಕಿ. "ಕೇಳಿಸ್ಕೊಂಡು ಕುಡಿ."

ಮರುದಿನ ಡೆಲ್ಫಿನಾ ಕೀಲರಳ ಕಚೇರಿಗೆ ಹೋದಳು. ಹೇಳಿದಳು. ಕೀಲರ್ ಮೊದಲು ನಂಬಲಿಲ್ಲ. ಮೈದುನನನ್ನು ಉಳಿಸಲು ಹೀಗೆ ಹೇಳುತ್ತಿದ್ದೀಯಾ ಎಂದು ಕೇಳಿದಳು. ಆ ಪ್ರಶ್ನೆಯಲ್ಲಿದ್ದ ಗೌರವವನ್ನು ಡೆಲ್ಫಿನಾ ಒಂದು ಕ್ಷಣವೂ ತನ್ನದಾಗಿಸಿಕೊಳ್ಳಲಿಲ್ಲ. ಬೋಕಿಯ ಅಳತೆ, ಬಾಗು, ಅದರ ಮೇಲಿನ ಗೆರೆಗಳ ರೀತಿ ಎಲ್ಲ ಹೇಳಿ, ಊಟದ ಡಬ್ಬಿಯನ್ನೂ ಮುಂದಿಟ್ಟಳು. ಕೀಲರ್ ಡಬ್ಬಿಯನ್ನು ಬಹಳ ಹೊತ್ತು ನೋಡಿ, ನಮ್ಮ ಗುಂಪಿನಲ್ಲಿ ನೀನೊಬ್ಬಳಂತೂ ಹೀಗೆ ಮಾಡುವುದಿಲ್ಲ ಎಂದು ಹಿರಿಯರಿಗೆ ಮಾತು ಕೊಟ್ಟಿದ್ದೆ ಎಂದಳು. ಅವಳ ಕೆಲಸ ಹೋಯಿತು, ವಿಲ್ಬರ್ಟನನ್ನು ಮತ್ತೆ ಕೆಲಸಕ್ಕೆ ಕರೆದರು. ಪ್ರಕರಣ ಸರ್ಕಾರದ ಕಡೆಗೂ ಹೋಯಿತು. ಹಿರಿಯರು ನಡುವೆ ಬಂದು, ಶಿಕ್ಷೆ ತಮಗೆ ಬಿಡಿ ಎಂದರು. ಊರಿನ ಸಭೆಯಲ್ಲಿ ಅವಳು ವಿಲ್ಬರ್ಟ್ ಹಿಂದೆ ನಿಂತ ಜಾಗದಲ್ಲೇ ನಿಂತು, ಕೇಳಬೇಕಾದದ್ದನ್ನೆಲ್ಲ ಕೇಳಿಸಿಕೊಂಡಳು. ಆ ಚಳಿಗಾಲವೆಲ್ಲ ಊರಿನ ಹಳೆಯ ಮನೆಗಳ ಗೋಡೆಗಳನ್ನು ಕೂಲಿಯಿಲ್ಲದೆ ಸಾರಿಸಬೇಕೆಂದು ತೀರ್ಮಾನವಾಯಿತು. ಸಾರಿಸಿದಳು. ಹಿಮದ ನೀರಿನಲ್ಲಿ ಕಲಸಿದ ಮಣ್ಣಿಗೆ ಅಂಗೈ ಬಿರಿಯಿತು.

ವಿಚಾರಣೆಗೆಂದು ತೆರೆದೇ ಇದ್ದ ಒಳಕೋಣೆಯ ಬಾಗಿಲನ್ನು ಮುಚ್ಚುವ ದಿನ ಊರಿನ ಕೆಲವರು ಹೋದರು. ಡೆಲ್ಫಿನಾಳಿಗೆ ಒಳಗೆ ಬರಲು ಅನುಮತಿಯಿರಲಿಲ್ಲ. ಬೇಲಿಯ ಹೊರಗೆ ನಿಂತಿದ್ದಳು. ಅಲ್ಲಿಂದ ಏನೂ ಕಾಣುವುದಿಲ್ಲ. ಆದರೂ ಅವಳಿಗೆ ಗೊತ್ತಿತ್ತು. ಬಿಸಿಲುಕೋಣೆ, ಹಕ್ಕಿಕೋಣೆ, ಬೀಸುವ ಕೋಣೆ, ಮಸಿಯ ಕೋಣೆ; ಅಲ್ಲಿ ಈಗ ವಿಲ್ಬರ್ಟ್ ಕಲ್ಲು ಕೂರಿಸುತ್ತಿದ್ದಾನೆ. ಕಲ್ಲಿನ ನಡುವೆ ಮಣ್ಣು ತುಂಬುತ್ತಿರುವವಳು ಬೇರೆ ಯಾರೋ. ಎಡಗೈಯ ಹೆಂಗಸಿನ ಗೋಡೆ ಕತ್ತಲೆಗೆ ಹೋಗುತ್ತಿದೆ, ಮಗುವಿನ ಬೆರಳೂ, ಕಂಠ ಮುರಿದ ಗಡಿಗೆಯೂ. ಇನ್ನು ಅದನ್ನು ಯಾರೂ ಸರಿಮಾಡಲಾರರು. ಕೆಲಸ ಮುಗಿಸಿ ಹೊರಬಂದ ವಿಲ್ಬರ್ಟ್ ಅವಳ ಪಕ್ಕದಿಂದಲೇ ಹಾದು ಪಿಕಪ್ ಹತ್ತಿದ.

ಗಡಿಗೆ ಡೆಲ್ಫಿನಾಳ ಅಡುಗೆಮನೆಗೆ ಬಂದು ಕೂತಿತು. ಬೆಳಿಗ್ಗೆ ನೀರು ತುಂಬುತ್ತಾಳೆ. ಚಿಟಿಕೆ ಹಿಟ್ಟು ಉದುರಿಸಿ ಕೇಳುತ್ತಾಳೆ. ನಿಂತು ಕಾಯುತ್ತಾಳೆ. ಆಮೇಲೆ ಕುಡಿಯುತ್ತಾಳೆ. ನೀರು ತಂಪಾಗಿರುತ್ತದೆ, ಅದೇ ಅವಳಿಗೆ ಸಹಿಸಲು ಕಷ್ಟ.

ಮುಂದಿನ ಶರತ್ಕಾಲದಲ್ಲಿ ಒಂದು ದಿನ ಪಿಕಪ್ ಅಂಗಳಕ್ಕೆ ಬಂತು. ವಿಲ್ಬರ್ಟ್ ಸೌದೆ ಇಳಿಸಿದ, ಒಡೆದ, ಒಟ್ಟಿದ. ಅವಳು ಬಾಗಿಲಲ್ಲಿ ನಿಂತಿದ್ದಳು. ಕೆಲಸ ಮುಗಿಸಿ ಬಂದು ಬಾಯಾರಿಕೆ ಎಂದ. ಅವಳು ಒಳಗೆ ಹೋಗಿ ನಲ್ಲಿ ತಿರುಗಿಸಿ ಗಾಜಿನ ಲೋಟಕ್ಕೆ ನೀರು ಹಿಡಿಯತೊಡಗಿದಳು. ಅವನು ಅವಳನ್ನು ದಾಟಿ ಗಡಿಗೆಯ ಹತ್ತಿರ ಹೋದ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಗಡಿಗೆಯ ಕಡೆ ಬಾಗಿದ.

"ಅಜ್ಜಿ, ಒಂದು ಸೌಟು ನೀರು ಕುಡೀಲಾ?" ಎಂದು ಕೇಳಿದ. ಆಮೇಲೆ ಡೆಲ್ಫಿನಾಳ ಕಡೆ ತಿರುಗಿ, "ಕೇಳೋದು ಇಷ್ಟೇ ನೋಡು, ಅತ್ತಿಗೆ. ಏನೂ ಕಷ್ಟ ಇಲ್ಲ," ಎಂದ.

ಅವನು ಕುಡಿದು, ಸೌಟನ್ನು ಇದ್ದಲ್ಲೇ ಇಟ್ಟು, ನಿನ್ನ ಟ್ರಕ್ಕಿನ ಸದ್ದು ಮೂರು ಊರಾಚೆ ಕೇಳುತ್ತದೆ ಎಂದು ಹೇಳಿ ಹೊರಟುಹೋದ. ಡೆಲ್ಫಿನಾ ಕೈಯಲ್ಲಿದ್ದ ಲೋಟದ ನೀರನ್ನು ಗಡಿಗೆಗೆ ಸುರಿಯಲು ಹೋದಳು. ಕೇಳಿಲ್ಲವೆಂದು ನೆನಪಾಗಿ ನಿಂತಳು. ಹಿಟ್ಟಿನ ಚೀಲಕ್ಕೆ ಕೈ ಹಾಕಿದಳು.